ಒಂದು ತೊಟ್ಟೂ ಉಳಿಯದಂತೆ

ಡಾಕ್ಟರಮ್ಮ ಸಮಾಧಾನ ಹೇಳಲೆಂದೇ ಆ ಮಾತು ಆಡಿದ್ದು, ಆಕೆಯನ್ನು ದೂರುವ ಹಾಗಿಲ್ಲ. ಬೆಂಗಳೂರಿನಿಂದ ಬಂದವರು, ಕಳಲೆಯ ಆ ಹೆಂಚಿನ ಮನೆಯ ಜಗಲಿಯ ಮೇಲೆ ನೆಂಟರ ಹಾಗೆ ಕೂತು, ಚನ್ನಬಸಮ್ಮ ಕೊಟ್ಟ ಮಜ್ಜಿಗೆಯನ್ನು ಪೂರ್ತಿ ಕುಡಿದು, ಲೋಟ ಕೆಳಗಿಡುತ್ತಾ, "ನಿಮ್ಮ ಮೊಮ್ಮಗನ ರಕ್ತ ನಮ್ಮ ಹತ್ತಿರ ಜೋಪಾನವಾಗಿದೆ ಅಜ್ಜಿ. ಐಸಿನ ಬೀರುವಿನಲ್ಲಿ ಇಟ್ಟಿದ್ದೇವೆ. ಎಷ್ಟು ವರ್ಷವಾದರೂ ಕೆಡುವುದಿಲ್ಲ" ಅಂದರು. ಆಮೇಲೆ ಒಳಗೆ ಹೋಗಿ ಸೊಸೆ ಮಂಗಳನ ಜೊತೆ ಸ್ವಲ್ಪ ಹೊತ್ತು ಮಾತಾಡಿ, ಜೀಪು ಹತ್ತಿ ಹೊರಟರು. ಚನ್ನಬಸಮ್ಮ ಮಾತ್ರ ಖಾಲಿ ಲೋಟ ಹಿಡಿದುಕೊಂಡು ಜಗಲಿಯಲ್ಲೇ ನಿಂತಿದ್ದಳು.

ಅದು ತೊಂಬತ್ತೆಂಟನೇ ಇಸವಿ. ಮೊಮ್ಮಗ ಮದನ ಸತ್ತು ಆಗ ಒಂದು ಮಳೆಗಾಲ ಕಳೆದಿತ್ತು.

ಮದನನಿಗೆ ಇದ್ದದ್ದು ರಕ್ತ ಹೆಪ್ಪುಗಟ್ಟದ ಕಾಯಿಲೆ. ಬೇರೆಯವರ ಮಕ್ಕಳು ಬಿದ್ದು ಎದ್ದು ಬೆಳೆದರೆ, ಇವನು ಬಿದ್ದರೆ ಮಂಡಿ ಕುಂಬಳಕಾಯಿಯಷ್ಟು ಊದುತ್ತಿತ್ತು. ಹಾಲುಹಲ್ಲು ಉದುರಿದರೆ ಮೈಸೂರಿನ ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಬೇಕಾಗುತ್ತಿತ್ತು. ಅದಕ್ಕೆ ಕನ್ನಡದಲ್ಲಿ ಕುಸುಮರೋಗ ಅನ್ನುತ್ತಾರೆ ಎಂದು ಅಲ್ಲಿನ ಡಾಕ್ಟರು ಹೇಳಿದಾಗ, ಇಂಥ ಹಾಳು ರೋಗಕ್ಕೆ ಹೂವಿನ ಹೆಸರಿಟ್ಟ ಪುಣ್ಯಾತ್ಮ ಯಾರು ಎಂದು ಚನ್ನಬಸಮ್ಮ ಅವರ ಎದುರಿಗೇ ಕೇಳಿದ್ದಳು. ಗಂಡುಮಕ್ಕಳಿಗೆ ಬರುತ್ತದೆ, ಹೆಣ್ಣುಮಕ್ಕಳು ಹೊತ್ತು ತರುತ್ತಾರೆ ಎಂದೂ ಅವರು ಹೇಳಿದರು. ಹೊತ್ತು ತಂದವಳು ಯಾರೆಂದು ಆಕೆಗೆ ಬೇರೆ ಹೇಳಬೇಕಾಗಿರಲಿಲ್ಲ. ಸೊಸೆಯ ತವರು ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರ. ಮಂಗಳನ ಇಬ್ಬರು ತಮ್ಮಂದಿರೂ ಅಲ್ಲಿ ಹೀಗೇ ರಕ್ತ ನಿಲ್ಲದೆ ಎಳೆಯ ವಯಸ್ಸಿಗೇ ಹೋಗಿದ್ದರು. "ತವರಿನ ಬಳುವಳಿ" ಎಂದು ಚನ್ನಬಸಮ್ಮ ಸೊಸೆಗೆ ಕೇಳಿಸುವ ಹಾಗೆ ಎಷ್ಟೋ ಸಲ ಅಂದಿದ್ದುಂಟು. ಮಂಗಳ ತುಟಿ ಬಿಚ್ಚುತ್ತಿರಲಿಲ್ಲ.

ಮದನ ಸಾಯುವ ಹಿಂದಿನ ವರ್ಷ ನಂಜನಗೂಡಿನ ಒಂದು ಛತ್ರದಲ್ಲಿ ಇದೇ ಡಾಕ್ಟರಮ್ಮ ಶಿಬಿರ ಮಾಡಿದ್ದರು. ವಂಶದಲ್ಲಿ ಇಳಿದು ಬರುವ ರಕ್ತದ ಕಾಯಿಲೆಗಳ ಮೇಲೆ ಸಂಶೋಧನೆ ನಡೆಯುತ್ತಿದೆ, ಇಷ್ಟವಿದ್ದವರು ಒಂದಿಷ್ಟು ರಕ್ತ ಕೊಡಿ, ಬಲವಂತವಿಲ್ಲ, ಬೇಡವೆನಿಸಿದರೆ ಯಾವತ್ತು ಬೇಕಾದರೂ ವಾಪಸು ಕೇಳಬಹುದು ಎಂದು ಎಲ್ಲರಿಗೂ ಬಿಡಿಸಿ ಹೇಳಿದ್ದರು. ಮಗ ಬಸವಪ್ರಸಾದ ಕೊಟ್ಟ, ಮಂಗಳ ಕೊಟ್ಟಳು. ಮದನ ಅಜ್ಜಿಯ ತೊಡೆಯ ಮೇಲೆ ಕೂತು ಕಣ್ಣು ಮುಚ್ಚಿಕೊಂಡು ತೋಳು ಚಾಚಿದ. ಆಮೇಲೆ ಊರಿಗೆಲ್ಲ, ನಾನು ಡಾಕ್ಟರಿಗೇ ರಕ್ತ ಕೊಟ್ಟವನು ಎಂದು ಹೇಳಿಕೊಂಡು ತಿರುಗಿದ.

ಕೊನೆಗೆ ಅವನನ್ನು ಕೊಂಡೊಯ್ದದ್ದು ಸೈಕಲ್ ಕ್ಯಾರಿಯರ್ ಮೇಲಿಂದ ಬಿದ್ದ ಒಂದು ಸಣ್ಣ ಏಟು. ತಲೆಗೆ ಪೆಟ್ಟಾಗಿತ್ತು, ಹೊರಗೆ ರಕ್ತದ ಸುಳಿವೇ ಇರಲಿಲ್ಲ. ಮನೆಯವರೆಲ್ಲ ಬಚಾವಾದೆವು ಅಂದುಕೊಂಡರು. ಅವನು ಅಕ್ಕಿರೊಟ್ಟಿ ತಿಂದ, ತಲೆನೋವು ಅಂದ, ವಾಂತಿ ಮಾಡಿದ. ರಕ್ತವೆಲ್ಲ ಒಳಗೇ ಸೋರಿದೆ ಎಂದು ಗೊತ್ತಾಗುವಷ್ಟರಲ್ಲಿ ಮೈಸೂರಿನ ದಾರಿಯಲ್ಲೇ ಪ್ರಾಣ ಹೋಗಿತ್ತು. ಮೈ ತೊಳೆದು, ವಿಭೂತಿ ಹಚ್ಚಿ, ಎಡಗೈಯಲ್ಲಿ ಅವನ ಲಿಂಗವನ್ನಿಟ್ಟು, ಮನೆಯ ಬಾಳೆತೋಟದ ಮೂಲೆಯಲ್ಲಿ ಕೂರಿಸಿ ಮಣ್ಣು ಮಾಡಿದರು. ಮೂರನೆಯ ದಿನ ಚನ್ನಬಸಮ್ಮನೇ ಗೋರಿಯ ಮೇಲೆ ಹಾಲು ತುಪ್ಪ ಬಿಟ್ಟಳು. ಕಳಿಸಬೇಕಾದವನನ್ನು ಪೂರ್ತಿ ಕಳಿಸಿಕೊಟ್ಟೆ ಎಂದು ಆಗ ಅವಳಿಗೆ ಅನಿಸಿತ್ತು.

ಈಗ ನೋಡಿದರೆ ಪೂರ್ತಿ ಕಳಿಸಿರಲಿಲ್ಲ. ಅವನ ಒಂದು ಪಾಲು ಬೆಂಗಳೂರಿನಲ್ಲಿ ಐಸಿನ ಮಧ್ಯೆ ಕೂತಿತ್ತು.

ಮಾರನೆಯ ಮಧ್ಯಾಹ್ನ ಊಟ ಮುಗಿಸಿ ನಡುಮನೆಯಲ್ಲಿ ಚಾಪೆಯ ಮೇಲೆ ಮಗ್ಗುಲಾದವಳಿಗೆ ಬೆನ್ನ ಹಿಂದೆ ಏನೋ ಒತ್ತಿದಂತಾಯಿತು. ಸಣ್ಣ ಬೆನ್ನು. ಮದನ ಮಲಗುತ್ತಿದ್ದದ್ದೇ ಹಾಗೆ, ಅಜ್ಜಿಯ ಬೆನ್ನಿಗೆ ಬೆನ್ನು ತಾಗಿಸಿ. ಆದರೆ ಇದು ಬಾವಿಕಟ್ಟೆಯ ಕಲ್ಲಿನಷ್ಟು ತಣ್ಣಗಿತ್ತು. ಎದ್ದು ನೋಡಿದರೆ ಯಾರಿದ್ದಾರೆ? ಹಿತ್ತಿಲ ಬಾಗಿಲಲ್ಲಿ ಬಿಸಿಲು, ಅಂಗಳದಲ್ಲಿ ಒಣಹಾಕಿದ ಅವರೆಕಾಳು. ಮರುದಿನವೂ ಬಂದ, ಅದರ ಮರುದಿನವೂ ಬಂದ. ಮಾತಿಲ್ಲ ಕತೆಯಿಲ್ಲ, ಸುಮ್ಮನೆ ಬೆನ್ನು ಕೊಟ್ಟು ಮಲಗಿ ನಡುಗುವುದು. ಹೆದರಿಕೆಯಾಯಿತೇ ಎಂದರೆ, ಇಲ್ಲ. ಅವಳಿಗೆ ಕರುಳು ಕಿತ್ತು ಬಂತು. ಸತ್ತ ಮೇಲೂ ಮಗುವಿಗೆ ಚಳಿ ಬಿಡಲಿಲ್ಲವಲ್ಲ ಎಂದು ಒಬ್ಬಳೇ ಕೂತು ಅತ್ತಳು.

ಮನೆಯಲ್ಲಿ ಹೇಳಿದರೆ ಕೇಳುವವರು ಮೂವರು. ಗಂಡ ಪುಟ್ಟಬಸವಯ್ಯ, ತೋಟ ನೋಡಿಕೊಂಡು ಪಂಚಾಯಿತಿ ಮಾತಾಡಿಕೊಂಡಿರುವ ಮನುಷ್ಯ. ಮಗ ಬಸವಪ್ರಸಾದನಿಗೆ ನಂಜನಗೂಡಿನಲ್ಲಿ ಗೊಬ್ಬರ ಬೀಜದ ಅಂಗಡಿ. ಸೊಸೆ ಮಂಗಳ ಸುತ್ತೂರಿನ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಮಗ ಹೋದ ಮೇಲೆ ಅವಳಿಗೆ ಮನೆಗೆಲಸ ಬಿಟ್ಟರೆ ಮಾತು ಕಮ್ಮಿ. ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಾಗ, ಮಂಗಳ ಉಪ್ಸಾರು ಬಡಿಸುತ್ತಿದ್ದಾಗ, ಚನ್ನಬಸಮ್ಮ ಬಾಯಿ ಬಿಟ್ಟಳು.

"ಪ್ರಸಾದ, ಬೆಂಗ್ಳೂರ್ಗೋಗಿ ಮಗೀನ ರಕ್ತ ಇಸ್ಕೊಂಡ್ ಬಾ."

ಬಸವಪ್ರಸಾದನ ಕೈಯ ತುತ್ತು ಅಲ್ಲೇ ನಿಂತಿತು. "ಯಾಕವ್ವ?"

"ಮಣ್ಣಿಗಾಕಕ್ಕೆ. ಅರ್ಧ ಮಗೀನ ಮಣ್ಣು ಮಾಡಿ ಕೂತಿದ್ದೀವಿ. ಅವ್ನು ದಿನಾ ಬಂದು ಚಳಿ ಅಂತಾನೆ."

ಪುಟ್ಟಬಸವಯ್ಯ ಮೊದಲು ಗದರಿದ. ದಾನ ಕೊಟ್ಟದ್ದನ್ನು ತಿರುಗಿ ಕೇಳುವುದು ಮರ್ಯಾದಸ್ಥರ ಮನೆಯ ಲಕ್ಷಣವಲ್ಲ ಅಂದ. ಚನ್ನಬಸಮ್ಮ ಅದಕ್ಕೂ ಉತ್ತರ ಇಟ್ಟುಕೊಂಡೇ ಕೂತಿದ್ದಳು.

"ದಾನ ಅಂತ ಆಯಮ್ಮ ಎಲ್ಲಂದ್ಲು? ಇಟ್ಟಿದ್ದೀವಿ ಅಂದ್ಲು. ಇಟ್ಟಿರೋದು ಅಂದ್ಮೇಲೆ ಅದು ನಮ್ದೇಯ."

ನೆರೆಯವರ ಮನೆಯಲ್ಲಿ ಇಟ್ಟ ಬಿತ್ತನೆ ರಾಗಿಯನ್ನು ವಾಪಸು ತರುವುದು ತಪ್ಪೆಂದು ಪುಟ್ಟಬಸವಯ್ಯನೂ ಹೇಳಲಾರ. ಆಗ ಯಾರೂ ನಿರೀಕ್ಷಿಸದೆ ಇದ್ದವಳು ಮಾತಾಡಿದಳು.

"ಅದು ಅಲ್ಲೇ ಇರಲಿ ಅತ್ತೆ."

"ಯಾಕೆ?"

"ಇರಲಿ ಅಂದೆ, ಅಷ್ಟೇ."

ಒಳಗೆ ಡಾಕ್ಟರಮ್ಮ ತನಗೆ ಹೇಳಿಹೋದ ಮಾತನ್ನು ಅವಳು ಆಗಲೇ ಆಡಿಬಿಟ್ಟಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆಡಲಿಲ್ಲ. ಚನ್ನಬಸಮ್ಮನಿಗೆ ಪಿತ್ತ ನೆತ್ತಿಗೇರಿತು. ಹೆತ್ತವಳಿಗೇ ಮಗನ ಮೇಲೆ ಕರುಣೆಯಿಲ್ಲ, ಚಳಿಯಲ್ಲಿ ನಡುಗಲಿ ಅನ್ನುತ್ತಾಳೆ ಎಂದು ರೇಗಿದಳು. ಮಂಗಳ ಸಾರಿನ ಪಾತ್ರೆ ಕೆಳಗಿಟ್ಟು ಹಿತ್ತಿಲಿಗೆ ಹೋದಳು. ಉಳಿದವರು ಒಬ್ಬರ ಮುಖ ಒಬ್ಬರು ನೋಡದೆ ಉಂಡೆದ್ದರು.

ಮನೆಗೆ ಬಂದು ಹೋಗುವ ಅಯ್ಯನೋರು ರಾಚಯ್ಯನವರಲ್ಲಿ ಅವಳು ಕೇಳಿದ್ದಾಯಿತು. ಶಿವನಲ್ಲಿ ಐಕ್ಯವಾದವನಿಗೆ ರಕ್ತವೂ ಇಲ್ಲ ಮಾಂಸವೂ ಇಲ್ಲ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂದರು ಅವರು. "ಐಕ್ಯವಾದೋನ್ಗೆ ಚಳಿ ಯಾಕಾಯ್ತದೆ ಬುದ್ಧಿ?" ಅಂದಳು ಚನ್ನಬಸಮ್ಮ. ಅಯ್ಯನೋರು ವಿಭೂತಿ ಕೊಟ್ಟು ಎದ್ದರು.

ಆಮೇಲೆ ಅವಳು ಹಿಡಿದ ಹಟ ವಿಚಿತ್ರದ್ದು. ಉಪವಾಸ ಕೂರಲಿಲ್ಲ, ಬಿಸಿಯದ್ದು ಏನನ್ನೂ ತಿನ್ನುವುದನ್ನು ಬಿಟ್ಟಳು. ಅವನು ಬೆಚ್ಚಗಾಗುವವರೆಗೆ ತನಗೂ ಬಿಸಿ ಬೇಡ ಅಂದಳು. ಮಂಗಳ ಹಬೆಯಾಡುವ ಮುದ್ದೆ ಬಡಿಸಿದರೆ ತಟ್ಟೆಯನ್ನು ಹಾಗೇ ಪಕ್ಕಕ್ಕಿಟ್ಟು, ಅದು ತಣ್ಣಗಾಗಿ ಕಲ್ಲಾದ ಮೇಲೆ ತಣ್ಣನೆಯ ಸಾರಲ್ಲಿ ಮುರಿದು ನುಂಗುವಳು. ಬೆಳಿಗ್ಗೆ ತಂಗಳು ಅನ್ನ, ಸ್ನಾನಕ್ಕೆ ತಣ್ಣೀರು. ಕಾರ್ತಿಕದ ಇಬ್ಬನಿ ಬೀಳುವ ಕಾಲ. ಕೆಮ್ಮು ಹತ್ತಿತು, ಕೆನ್ನೆ ಗುಳಿಬಿದ್ದವು. ಮಂಗಳ ಪ್ರತಿ ಹೊತ್ತೂ ಬಿಸಿಯದ್ದನ್ನೇ ಬಡಿಸಿದಳು, ಅತ್ತೆ ಪ್ರತಿ ಹೊತ್ತೂ ಆರಿಸಿಯೇ ತಿಂದಳು. ಇಬ್ಬರ ಜಗಳ ಪೂರ್ತಿ ಆ ತಟ್ಟೆಯ ಮೇಲೆಯೇ ನಡೆಯಿತು, ಬಾಯಿಗೆ ಬರಲಿಲ್ಲ.

ಸೋತದ್ದು ಬಸವಪ್ರಸಾದ. ಅಂಗಡಿಯ ಪಕ್ಕದ ಎಸ್‌ಟಿಡಿ ಬೂತಿನಿಂದ ಬೆಂಗಳೂರಿಗೆ ಫೋನು ಮಾಡಿದ. ಡಾಕ್ಟರಮ್ಮ ಆಗುವುದಿಲ್ಲ ಅನ್ನಲಿಲ್ಲ. ವಾಪಸು ಕೇಳಬಹುದು ಎಂದು ತಾವೇ ಹೇಳಿದ್ದಲ್ಲವೇ. ಟಿ. ನರಸೀಪುರದಲ್ಲಿ ಸದ್ಯದಲ್ಲೇ ಶಿಬಿರವಿದೆ, ಅಲ್ಲಿಗೆ ತರುತ್ತೇನೆ, ತಂದೆಯ ಸಹಿ ಸಾಕು ಅಂದರು. ಮನೆಯವರೆಲ್ಲ ಕೂತು ಮಾತಾಡಿದ್ದೀರಾ ಎಂದು ಎರಡು ಸಲ ಕೇಳಿದರು. ಅವನು ಎರಡು ಸಲವೂ ಹೂಂ ಅಂದ. ಹೆಂಡತಿಗೆ ಆಮೇಲೆ ನಿಧಾನವಾಗಿ ಹೇಳಿದರಾಯಿತು ಎಂಬುದು ಅವನ ಲೆಕ್ಕಾಚಾರ.

ತಾಯಿ ಮಗ ಬಸ್ಸಿನಲ್ಲಿ ಹೋದರು. ಶಿಬಿರ ನಡೆಯುತ್ತಿದ್ದದ್ದು ಒಂದು ಶಾಲೆಯಲ್ಲಿ. ಸುತ್ತಲ ಹಳ್ಳಿಗಳ ಗಂಡಸರು ಹೆಂಗಸರು ಮಕ್ಕಳ ಬೆಂಚುಗಳಲ್ಲಿ ಮಂಡಿ ಮೇಲೆತ್ತಿ ಕೂತು, ತೋಳಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡಿದ್ದರು. ಅವರ ನಡುವೆ ಬೀಗಿತ್ತಿ ಮರಿತಾಯಮ್ಮನೂ ಇದ್ದಳು; ಮಂಗಳನ ತಾಯಿ, ಗಂಡ ಸತ್ತವಳು. ಸೋಮನಾಥಪುರದಿಂದ ತನ್ನ ರಕ್ತ ಕೊಡಲು ತಾನೇ ಬಂದಿದ್ದಳು. ಇವರು ಬಂದ ಕೆಲಸ ಕೇಳಿ, ತೋಳಿನ ಹತ್ತಿಯನ್ನು ತೆಗೆದು ನೋಡಿದಳು.

"ನನ್ನ ಎರಡು ಮಕ್ಳದ್ದೂ ಎಲ್ಲೂ ಏನೂ ಉಳೀಲಿಲ್ಲ ಕಣಕ್ಕ" ಅಂದಳು ಆಮೇಲೆ. "ಬಟ್ಟೆ ಒಗ್ದ ನೀರ್ನಲ್ಲಿ ಓಯ್ತು. ಮದನಂದು ಎಲ್ಲೋ ಒಂದ್ಕಡೆ ಅದೆ ಅಂತ ನಂಗೊಂದು ಸಮಾಧಾನ ಇತ್ತು."

ಚನ್ನಬಸಮ್ಮ ಮುಖ ತಿರುಗಿಸಿಕೊಂಡಳು.

ಡಾಕ್ಟರಮ್ಮ ಐಸಿನ ಡಬ್ಬದಿಂದ ಕಿರುಬೆರಳಿಗಿಂತ ಸ್ವಲ್ಪ ದಪ್ಪದ ಒಂದು ಕೊಳವೆ ತೆಗೆದರು. ಇದನ್ನಿನ್ನೂ ಪರೀಕ್ಷೆಗೆ ತೆಗೆದಿರಲಿಲ್ಲ, ಇದ್ದದ್ದು ಇಷ್ಟೇ ಅಂದರು. ಕೊಡುವ ಮುಂಚೆ ಬಸವಪ್ರಸಾದನ ಕಡೆಗೊಮ್ಮೆ, ಅಜ್ಜಿಯ ಕಡೆಗೊಮ್ಮೆ ನೋಡಿ, ನಾಳೆ ನಿಮ್ಮ ಮನೆಯಲ್ಲಿ ಇನ್ನೊಂದು ಮಗು ಹುಟ್ಟುವುದಾದರೆ ಇದು ಬೇಕಾಗಬಹುದು, ಯೋಚನೆ ಮಾಡಿ ಅಂದರು.

"ಉಟ್ಟೋರ ಮಾತು ಆಮ್ಯಾಕೆ ಕಣವ್ವ" ಅಂದಳು ಚನ್ನಬಸಮ್ಮ. "ಸತ್ತಿರೋನು ಚಳೀಲವ್ನೆ. ನೀವು ಒಂದು ತೊಟ್ಟೂ ಉಳಿಸ್ಕೊಂಡಿಲ್ಲ ತಾನೆ?"

"ಇಲ್ಲ ಅಜ್ಜಿ. ಒಂದು ತೊಟ್ಟೂ ಉಳಿಸಿಕೊಂಡಿಲ್ಲ."

ಬಸವಪ್ರಸಾದ ಸಹಿ ಹಾಕಿದ. ಚನ್ನಬಸಮ್ಮ ಕೊಳವೆಯನ್ನು ವಿಭೂತಿಯ ಬಟ್ಟೆಯಲ್ಲಿ ಸುತ್ತಿ ಅಂಗೈಯಲ್ಲಿ ಮುಚ್ಚಿ ಹಿಡಿದಳು. ಬಸ್ಸು ಹೊರಟಾಗ ಅದು ಕೈ ಮರಗಟ್ಟಿಸುವಷ್ಟು ತಣ್ಣಗಿತ್ತು. ದಾರಿ ಸಾಗಿದಂತೆ ಚಳಿ ಬಿಟ್ಟಿತು, ಕಪಿಲಾ ಹೊಳೆಯ ಸೇತುವೆ ದಾಟುವ ಹೊತ್ತಿಗೆ ಅವಳ ಮೈಯಷ್ಟೇ ಬೆಚ್ಚಗಾಗಿತ್ತು. ಅದು ಬೆಚ್ಚಗಾಗುತ್ತಾ ಬಂದ ಹಾಗೆ ಅವಳ ಕಣ್ಣಿನ ನೀರು ತಾನಾಗಿ ಇಳಿಯುತ್ತಿತ್ತು. ಮುಂದಿನ ಸೀಟಿನ ಹೆಂಗಸು ತಿರುಗಿ, ಕೈ ನೋವೇನಮ್ಮ ಎಂದು ಕೇಳಿದಳು. ಚನ್ನಬಸಮ್ಮ ಇಲ್ಲ ಎಂದು ತಲೆಯಾಡಿಸಿದಳು.

ಮನೆಗೆ ಹೋಗದೆ ನೇರ ತೋಟಕ್ಕೆ ಹೋದರು. ಗೋರಿಯ ತಲೆದೆಸೆಯ ಮಣ್ಣು ಕೆದಕಿ, ಕೊಳವೆಯ ಬಿರಡೆ ತೆಗೆದು, ಹಾಲು ತುಪ್ಪ ಬಿಡುವ ಹಾಗೆಯೇ ಬಿಟ್ಟಳು. ಕಪ್ಪಗೆ, ಮೆಲ್ಲಗೆ ಇಳಿಯಿತು. ತಳದಲ್ಲಿ ಇಷ್ಟು ಅಂಟಿಕೊಂಡಿತ್ತು. ಅದಕ್ಕೆ ಹಾಲು ಹುಯ್ದು ಕುಲುಕಿ ಅದನ್ನೂ ಬಿಟ್ಟಳು, ಮತ್ತೊಮ್ಮೆ ಹುಯ್ದು ಕುಲುಕಿದಳು. ಹಾಲು ಬೆಳ್ಳಗೇ ಬರುವವರೆಗೆ ತೊಳೆದಳು. ಬಸವಪ್ರಸಾದ ಅಷ್ಟು ಹೊತ್ತೂ ಬಾಳೆಗಿಡಗಳ ಕಡೆ ಮುಖ ಮಾಡಿ ನಿಂತಿದ್ದ.

ಅಂದಿನಿಂದ ಮದನ ಬರಲಿಲ್ಲ. ಮಧ್ಯಾಹ್ನ ಮಲಗಿದರೆ ಬೆನ್ನ ಹಿಂದೆ ಬರಿಯ ಗೋಡೆ. ಶಿವನ ಪಾದ ಸೇರಿದ ಎಂದು ಚನ್ನಬಸಮ್ಮ ಗಂಡನಿಗೆ ಹೇಳಿದಳು, ನೆರೆಯವರಿಗೆ ಹೇಳಿದಳು, ರಾಚಯ್ಯನವರಿಗೂ ಸ್ವಲ್ಪ ಗರ್ವದಿಂದಲೇ ಹೇಳಿದಳು. ಬಿಸಿ ಮುದ್ದೆ ಉಂಡಳು. ಕೆಮ್ಮು ಇಳಿಯಿತು. ಅತ್ತೆ ಹಟ ಬಿಟ್ಟದ್ದನ್ನು ಕಂಡ ಮಂಗಳ ಏನಾಯಿತೆಂದು ಗಂಡನನ್ನು ಕೇಳಿದಳು. ಅವನು, ಏನೋ ಪೂಜೆ ಮಾಡಿಸಿದೆವು, ಸಮಾಧಾನವಾಯಿತು ಎಂದು ತೇಲಿಸಿದ. ಅವಳು ನಂಬಿದಳು. ಮನೆಯಲ್ಲಿ ಮತ್ತೆ ಒಂದಿಷ್ಟು ಮಾತು ಹುಟ್ಟಿತು.

ಒಂದು ಬೆಳಿಗ್ಗೆ ಕೊಟ್ಟಿಗೆಯ ಹಿಂದೆ ಮಂಗಳ ಓಕರಿಸುವುದು ಕೇಳಿಸಿತು. ಒಗ್ಗರಣೆಯ ಹೊಗೆಗೆ ಸೆರಗು ಮೂಗಿಗೆ ಹಿಡಿದಿದ್ದನ್ನು ಚನ್ನಬಸಮ್ಮ ಹಿಂದಿನ ದಿನವೇ ನೋಡಿದ್ದಳು. ಬೇರೆಯವರ ಮನೆಯಾಗಿದ್ದರೆ ಎಂದೋ ತಿಳಿಯುತ್ತಿತ್ತು. ಸೊಸೆ ತಿಂಗಳಿಗೆ ಹೊರಗೆ ಕೂರದಿದ್ದರೆ ಅತ್ತೆಗೆ ಅದೇ ಸುದ್ದಿ. ಇವರದು ಲಿಂಗ ಕಟ್ಟಿದ ಮನೆ, ಹೊರಗೆ ಕೂರುವ ಮೈಲಿಗೆಯ ಪದ್ಧತಿ ಇಲ್ಲ. ಹಾಗಾಗಿ ಎರಡು ತಿಂಗಳು ದಾಟಿದ್ದರೂ ಅವಳಿಗೆ ಗೊತ್ತಾಗಿರಲಿಲ್ಲ. ಅವಳು ಓಡಿಹೋಗಿ ಸೊಸೆಯ ಹಣೆ ಹಿಡಿದುಕೊಂಡಳು. ನೀರು ಕೊಟ್ಟು ಬಾಯಿ ಒರೆಸಿ, ಕೈಯನ್ನು ಅವಳ ಹೊಟ್ಟೆಯ ಮೇಲಿಟ್ಟಳು.

"ಅವ್ನೇ ಕಣವ್ವ" ಅಂದಳು. "ಮದನನೇ ತಿರುಗಿ ಬಂದವ್ನೆ."

ಮಂಗಳ ಆ ಕೈಯನ್ನು ಮೆಲ್ಲಗೆ ತೆಗೆದಳು. ಹಾಗನ್ನಬೇಡಿ ಅಂದಳು. ಅದನ್ನು ಅಷ್ಟೊಂದು ಹೆದರಿ ಹೇಳಿದ್ದೇಕೆಂದು ಚನ್ನಬಸಮ್ಮನಿಗೆ ಆಗ ಹೊಳೆಯಲಿಲ್ಲ. ಸಂತೋಷದಲ್ಲಿ ಅವಳಿಗೆ ಬೇರೆ ಏನೂ ಹೊಳೆಯುವಂತಿರಲಿಲ್ಲ. ಅಮ್ಮನನ್ನು ನೋಡಿಬರುತ್ತೇನೆ ಎಂದು ಮಂಗಳ ಆ ವಾರವೇ ಸೋಮನಾಥಪುರಕ್ಕೆ ಹೊರಟಾಗ, ಬುತ್ತಿ ಕಟ್ಟಿ, ಬಸ್ಸಿನವರೆಗೆ ತಾನೇ ಹೋಗಿ ಹತ್ತಿಸಿ ಬಂದಳು.

ಮಂಗಳ ವಾಪಸಾದ ದಿನ ಚನ್ನಬಸಮ್ಮ ಒತ್ತುಶ್ಯಾವಿಗೆ ಮಾಡಿದ್ದಳು. ಗಂಡ ಮಗ ಇಬ್ಬರೂ ಒರಳು ಒತ್ತಿಕೊಟ್ಟು, ತಟ್ಟೆಗೆ ಕಾಯಿಹಾಲು ಹಾಕಿಸಿಕೊಂಡು ಕೂತಿದ್ದರು. ಅವಳು ಒಳಗೆ ಬಂದವಳು ಬ್ಯಾಗನ್ನು ಕೆಳಗಿಡಲೇ ಇಲ್ಲ. ರಕ್ತ ವಾಪಸು ಹೋದ ಸುದ್ದಿಯನ್ನು ಅಮ್ಮನ ಬಾಯಿಂದಲೇ ಕೇಳಿ, ಅವಳನ್ನೇ ಜೊತೆ ಮಾಡಿಕೊಂಡು ಬೆಂಗಳೂರಿಗೆ ಹೋಗಿದ್ದಳೆಂದು ಆಗ ತಿಳಿಯಿತು.

"ಮದನನ ರಕ್ತ ಎಲ್ಲಿ?" ಎಂದು ಗಂಡನನ್ನು ಕೇಳಿದಳು.

ಅವನು ತಲೆ ತಗ್ಗಿಸಿದ. ಚನ್ನಬಸಮ್ಮನೇ ಹೇಳಿದಳು, ಮಣ್ಣಿಗೆ ಸೇರಿಸಿದೆವು ಎಂದು. ಒಂದು ತೊಟ್ಟೂ ಉಳಿಯದಂತೆ ಎಂದೂ ಸೇರಿಸಿದಳು. ಅದು ಒಳ್ಳೆಯ ಸುದ್ದಿ ಎಂದೇ ಅವಳ ಎಣಿಕೆ.

ಮಂಗಳ ಕಂಬಕ್ಕೆ ಒರಗಿದಳು. ಅವಳು ಕಿರುಚಿದ್ದರೆ ವಾಸಿಯಿತ್ತು. ಸಣ್ಣ ದನಿಯಲ್ಲಿ, ಪಾಠ ಒಪ್ಪಿಸುವವಳ ಹಾಗೆ ಹೇಳಿದಳು.

"ಹೊಟ್ಟೇಲಿರೋದ್ರಿಂದ ಒಂದು ಚೂರು ತೆಗೆದು ಮದನನ ರಕ್ತದ ಪಕ್ಕ ಇಟ್ಟು ನೋಡ್ತಾರಂತೆ. ನನ್ನಿಂದ ಅವನಿಗೆ ಹೋಗಿದ್ದೇ ಇದಕ್ಕೂ ಹೋಗಿದ್ಯಾ ಇಲ್ವಾ ಗೊತ್ತಾಗ್ತದಂತೆ. ನಮ್ಮಪ್ಪ ಬದುಕಿದ್ರೆ, ತಮ್ಮಂದಿರಲ್ಲಿ ಒಬ್ಬ ಬದುಕಿದ್ರೆ, ಅವರದ್ದಾದ್ರೂ ಆಗ್ತಿತ್ತಂತೆ. ಯಾರೂ ಇಲ್ಲ. ಇವನದ್ದೊಂದಿತ್ತು. ಅವತ್ತು ಡಾಕ್ಟರಮ್ಮ ಒಳಗೆ ಬಂದು ಹೇಳಿದ್ದು ಇದೇಯ. ಮತ್ತೆ ಬಸುರಿಯಾದ್ರೆ ಮೂರು ತಿಂಗಳೊಳಗೆ ಬಾ, ಮಗನ ರಕ್ತ ಇದೆ, ಹೆದರಬೇಡ ಅಂದಿದ್ರು."

"ಮೊದಲೇ ಯಾಕೆ ಬಾಯಿ ಬಿಡಲಿಲ್ಲ ನೀನು?" ಅಂದ ಬಸವಪ್ರಸಾದ.

"ಬಿಟ್ಟಿದ್ರೆ ಪರೀಕ್ಷೆಗೆ ಕಳಿಸ್ತಿದ್ರಾ? ಅದೇ ಕಾಯಿಲೆ ಅಂತ ಬಂದ್ರೆ ತೆಗೆಸೋಕೆ ಒಪ್ತಿದ್ರಾ?"

ಪುಟ್ಟಬಸವಯ್ಯ ತಟ್ಟೆ ಸರಿಸಿ, ಈಗ ಏನನ್ನುತ್ತಾರೆ ಎಂದು ಕೇಳಿದ. ಚೂರು ತೆಗೆದು ನೋಡಿದರು, ಗಂಡು ಅಂತ ಮಾತ್ರ ತಿಳಿಯಿತು ಎಂದಳು ಮಂಗಳ. ಹೆಣ್ಣಾಗಿದ್ದರೆ ಚಿಂತೆಯಿರಲಿಲ್ಲ. ಗಂಡಿಗೆ ಕಾಯಿಲೆ ಇರಬಹುದು, ಇಲ್ಲದೆಯೂ ಇರಬಹುದು, ಅರ್ಧಕ್ಕರ್ಧ. ಇಟ್ಟುಕೊಳ್ಳುವುದೋ ಬೇಡವೋ ಬೇಗ ಹೇಳಬೇಕು. ಡಾಕ್ಟರಮ್ಮ ತನ್ನ ಕೈ ಹಿಡಿದುಕೊಂಡು ಅತ್ತರು ಎಂದೂ ಹೇಳಿದಳು. ಶ್ಯಾವಿಗೆ ಯಾರೂ ಮುಟ್ಟದೆ ಬುಟ್ಟಿಯಲ್ಲೇ ಹೆಪ್ಪಾಯಿತು.

ಆ ಮೇಲಿನ ದಿನಗಳಲ್ಲಿ ಮನೆಯ ಕೆಲಸಗಳು ನಡೆದವು. ಹಸುವಿನ ಹಾಲು ಕರೆದರು, ಅಂಗಳ ಸಾರಿಸಿದರು, ಒಲೆ ಹತ್ತಿಸಿದರು. ಪುಟ್ಟಬಸವಯ್ಯ ಬಂದದ್ದು ಬರಲಿ, ಉಳಿಸಿಕೊಳ್ಳಿ ಅಂದ. ಬಸವಪ್ರಸಾದ ಉಳಿಸಿಕೊಳ್ಳೋಣ ಎಂದು ಬಾಯಲ್ಲಿ ಅಂದರೂ ಹೆಂಡತಿಯ ಮುಖ ನೋಡಿ ಅನ್ನಲಾರದೆ ಅಂಗಡಿಗೆ ಬೇಗ ಹೋಗಿ ತಡವಾಗಿ ಬರತೊಡಗಿದ. ಚನ್ನಬಸಮ್ಮನನ್ನು ಯಾರೂ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಉಸಿರಾಡುವುದು ಸುಲಭವಾಗುತ್ತಿತ್ತೇನೋ.

ಅವಳು ಒಬ್ಬಳೇ ತೋಟಕ್ಕೆ ಹೋಗಿ, ರಕ್ತ ಬಿಟ್ಟ ಜಾಗವನ್ನು ಕೈಯಲ್ಲೇ ಕೆದಕಿ, ಆ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಅಷ್ಟು ಹೊತ್ತಿಗೆ ಬಾಳೆಯ ಬೇರು ಅಲ್ಲಿಗೂ ಬಂದು ಹೆಣೆದುಕೊಂಡಿತ್ತು. ಮಣ್ಣನ್ನು ಮಂಗಳನ ಮುಂದೆ ಬಿಚ್ಚಿದಳು.

"ಇದ್ರಲ್ಲಿ ಎಲ್ಲಾದ್ರೂ ಒಂಚೂರು ಇದ್ದಾತು. ಕೊಟ್ ನೋಡವ್ವ."

ಮಂಗಳ ಆ ಮಣ್ಣನ್ನು ಬಹಳ ಹೊತ್ತು ನೋಡಿದಳು. ಬೆರಳಿನಿಂದ ಮುಟ್ಟಿಯೂ ನೋಡಿದಳು. ಇದರಲ್ಲಿ ಏನೂ ಸಿಗುವುದಿಲ್ಲ ಅತ್ತೆ ಅಂದಳು. ಅದರಲ್ಲಿ ಸಿಟ್ಟಿರಲಿಲ್ಲ, ಚನ್ನಬಸಮ್ಮನಿಗೆ ಅದೇ ಹೆಚ್ಚು ಸಂಕಟವಾಯಿತು.

ಬೆಂಗಳೂರಿಗೆ ಉತ್ತರ ಹೇಳಬೇಕಾಗಿದ್ದ ಹಿಂದಿನ ದಿನ. ಗಂಡಸರು ಹೊರಗೆ ಹೋಗಿದ್ದರು. ಚನ್ನಬಸಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮಂಗಳ ಬಂದು ಮೊರದ ಆಚೆ ಕೂತಳು. ಅವಳೂ ನಾಲ್ಕು ಕಾಯಿ ಸುಲಿದಳು.

"ಅತ್ತೆ, ಮದನ ಈಗಲೂ ಬರ್ತಾನಾ?"

ಆ ಪ್ರಶ್ನೆಯನ್ನು ಈ ಬಾಯಿಂದ ಕೇಳುತ್ತೇನೆಂದು ಚನ್ನಬಸಮ್ಮ ಎಣಿಸಿರಲಿಲ್ಲ. ಅವನು ಬರುವ ಮಾತೆತ್ತಿದರೆ ಎದ್ದು ಹೋಗುತ್ತಿದ್ದವಳು ಇವಳು. "ಇಲ್ಲ ಕಣವ್ವ" ಅಂದಳು. "ಅವತ್ತಿಂದ ಬಂದಿಲ್ಲ."

"ಮಣ್ಣಿಗೆ ಹಾಕಿದ ದಿನ ಶಿವನ ಪಾದ ಸೇರ್ದ ಅಂದ್ರಿ. ಆಮೇಲೆ ನನ್ನ ಹೊಟ್ಟೆ ಮುಟ್ಟಿ ಅವನೇ ತಿರುಗಿ ಬಂದ ಅಂದ್ರಿ. ಎರಡ್ರಲ್ಲಿ ಯಾವ್ದು ನಿಜ?"

ಚನ್ನಬಸಮ್ಮ ಕೈಯ ಕಾಯಿಯನ್ನು ಸುಲಿಯದೆ ಮೊರಕ್ಕೇ ಹಾಕಿದಳು.

"ಡಾಕ್ಟ್ರ ಕೈಲಿ ಆಗಲ್ಲ. ನೋಡೋಕೆ ಇದ್ದದ್ದು ಮಣ್ಣಾಯ್ತು. ಅವನ್ನ ಕಂಡೋರು ಅಂತ ಉಳಿದಿರೋರು ನೀವೊಬ್ರೇಯ" ಅಂದಳು ಮಂಗಳ. "ಅವನು ಶಿವನ ಹತ್ರ ಇದ್ರೆ ಇದು ಬೇರೆ ಮಗು. ಧೈರ್ಯ ಮಾಡಿ ಹೆರ್ತೀನಿ. ಅವನೇ ಬಂದಿದ್ರೆ ಅದೇ ರಕ್ತ, ಅದೇ ಮಂಡಿ, ಅದೇ ನೋವು. ಅವನನ್ನ ಇನ್ನೊಂದ್ಸಲ ಆ ನೋವಿಗೆ ಕರೆಯೋಕೆ ನನ್ನ ಕೈಲಾಗಲ್ಲ ಅತ್ತೆ. ನಾಳೆ ಹೋಗಿ ತೆಗೆಸಿಬಿಡ್ತೀನಿ. ನೀವು ಹೇಳ್ದಂಗೆ ಮಾಡ್ತೀನಿ, ಹೇಳಿ."

ಬೀದಿಯಲ್ಲಿ ಕಬ್ಬಿನ ಗಾಡಿಯೊಂದು ಹೋಯಿತು. ಅದು ತಿರುವು ದಾಟುವವರೆಗೂ ಚನ್ನಬಸಮ್ಮ ನೋಡುತ್ತಿದ್ದಳು. ಅವನೇ ಬಂದಿದ್ದಾನೆ ಎಂದು ಅವಳ ಜೀವವೆಲ್ಲ ನಂಬಿತ್ತು. ಆ ನಂಬಿಕೆಯಲ್ಲೇ ಈ ಕೆಲವು ವಾರ ಬಿಸಿ ಊಟ ಉಂಡಿದ್ದಳು, ಮಧ್ಯಾಹ್ನ ಬರಿ ಗೋಡೆಗೆ ಬೆನ್ನು ಕೊಟ್ಟು ನಿದ್ದೆ ಮಾಡಿದ್ದಳು. ಹುಟ್ಟಿದ ಮೇಲೆ ಹೇಗೆ ಎತ್ತಿಕೊಳ್ಳಬೇಕು, ಯಾವ ಕೈ ತಲೆಯ ಕೆಳಗೆ ಎಂದೂ ಯೋಚಿಸಿಟ್ಟಿದ್ದಳು. ಈಗ ನಿಜ ಹೇಳಿದರೆ ಮದನ ಎರಡನೆಯ ಸಲ ಸಾಯುತ್ತಾನೆ. ಬದುಕಬೇಕೆಂದರೆ ಅವನು ಮದನನಾಗಿರಬಾರದು.

"ಬ್ಯಾರೆ ಮಗ ಕಣವ್ವ" ಅಂದಳು. ದನಿ ಗಟ್ಟಿಯಾಗಿಯೇ ಬಂತು. "ಅವ್ನು ಓದ. ಶಿವನ ತಾವ್ಕೆ ಓದ. ಇದು ಬ್ಯಾರೆ."

"ನನ್ನಾಣೆ?"

"ನಿನ್ನಾಣೆ."

ಮಂಗಳ ಅವಳ ಮುಖವನ್ನು ಓದುವಂತೆ ನೋಡಿದಳು. ನಂಬಿದಳೋ, ನಂಬಬೇಕೆಂದು ಬಂದು ಕೂತಿದ್ದಳೋ, ಯಾರು ಬಲ್ಲರು. ಸುಲಿದ ಕಾಳನ್ನು ಬಾಚಿ ಪಾತ್ರೆಗೆ ಹಾಕಿಕೊಂಡು ಎದ್ದಳು.

"ಹಂಗಾದ್ರೆ ಒಂದು ಮಾತು ಅತ್ತೆ. ನಾಳೆ ಇವನಿಗೆ ಏನೇ ಆದ್ರೂ ನಿಮ್ಮನ್ನ ಅನ್ನಲ್ಲ. ಇವನನ್ನ ಮದನ ಅಂತ ಮಾತ್ರ ಕರೀಬೇಡಿ. ಯಾವತ್ತೂ."

ಆಗಲಿ ಅಂದಳು ಚನ್ನಬಸಮ್ಮ. ಸೊಸೆ ಒಳಗೆ ಹೋದ ಮೇಲೆ ಮೊರದಲ್ಲಿ ಉಳಿದ ಕಾಯಿಗಳನ್ನು ಸುಲಿದು ಮುಗಿಸಿದಳು. ಬಾಯಿ ತನ್ನಷ್ಟಕ್ಕೆ ಆ ಹೆಸರನ್ನು ಹಿಡಿದಿತ್ತು; ಕರೆಯಲು ನೋಡಿದರೆ ಗೋರಿಯಲ್ಲಿ ಅವನಿಲ್ಲ, ಬೆನ್ನ ಹಿಂದೆ ಇಲ್ಲ, ಸೊಸೆಯ ಹೊಟ್ಟೆಯಲ್ಲಿ ಇಲ್ಲವೆಂದು ಈಗತಾನೆ ಆಣೆ ಮಾಡಿದ್ದಳು. ಚನ್ನಬಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಳು.